ಗುಡಿಯ ದುಡ್ಡಿನ ಜಗಳ ಮತ್ತು ಅರ್ಚಕರ ಕಡತ

ಹಾಸನ ಜಿಲ್ಲೆಯ ಒಂದು ಸಣ್ಣ ಊರಿನಿಂದ ವಯಸ್ಸಾದ ಅರ್ಚಕರೊಬ್ಬರು ನನ್ನ ಕಚೇರಿಗೆ ಬಂದಿದ್ದರು. ಬಟ್ಟೆ ಚೀಲದಲ್ಲಿ ಹಳೆಯ ಪಹಣಿ, ಎರಡು ಹಿಂಬರಹ, ಪೂಜೆ ಖರ್ಚು ಬರೆದಿಟ್ಟ ಒಂದು ನೋಟುಬುಕ್ಕು. ಕಾಗದಗಳನ್ನು ಮೇಜಿನ ಮೇಲೆ ಇಡುವ ಮೊದಲು ಫೋನ್ ತೆಗೆದು ಮೊಮ್ಮಗ ಕಳಿಸಿದ ಒಂದು ಸಂದೇಶ ತೋರಿಸಿದರು. ಹಿಂದೂ ದೇವಸ್ಥಾನಗಳ ಹುಂಡಿ ಹಣವನ್ನೆಲ್ಲ ಸರ್ಕಾರ ಬಾಚಿಕೊಂಡು ಬೇರೆ ಧರ್ಮದವರಿಗೆ ಹಂಚುತ್ತಿದೆ ಅಂತ ಅದರಲ್ಲಿತ್ತು.

"ಸಾರ್, ನಮ್ಮ ಗುಡೀಲಿ ಹುಂಡಿ ಒಡೆದ್ರೆ ವರ್ಷಕ್ಕೆ ನಾಲ್ಕೈದು ಸಾವಿರ ಬಂದ್ರೆ ಹೆಚ್ಚು. ನಮ್ಮಿಂದ ಏನು ತಗೊಂಡು ಹೋಗ್ತಾರೆ?" ಅಂತ ಕೇಳಿದರು.

ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಮುಜರಾಯಿ ಪ್ರಕರಣಗಳನ್ನು ಇಪ್ಪತ್ತು ವರ್ಷಕ್ಕೂ ಜಾಸ್ತಿ ನಡೆಸಿದ ವಕೀಲನಾಗಿ ನಾನು ಹೇಳಬಲ್ಲೆ, ಅವರ ಪ್ರಶ್ನೆಗೆ ಉತ್ತರ ಗೊತ್ತಿರುವವರು ತುಂಬ ಕಡಿಮೆ. ದೇವಸ್ಥಾನದ ಹೆಸರಲ್ಲಿ ಮತ ಕೇಳುವವರಿಗೂ ಗೊತ್ತಿಲ್ಲ. ಅದನ್ನು ವಿರೋಧಿಸಿ ಭಾಷಣ ಮಾಡುವವರಿಗೂ ಗೊತ್ತಿಲ್ಲ. ಕಾನೂನು ಏನು ಹೇಳುತ್ತದೆ, ಲೆಕ್ಕ ಎಲ್ಲಿ ತಪ್ಪುತ್ತದೆ, ರಾಜಕೀಯ ಎಲ್ಲಿಂದ ಗುಡಿಯೊಳಗೆ ಬರುತ್ತದೆ ಅನ್ನುವುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಮುಜರಾಯಿ ಅನ್ನುವ ಪದ. ಮುಜರಾ ಅಂದರೆ ಲೆಕ್ಕದಲ್ಲಿ ಕಳೆಯುವುದು, ವಜಾ ಮಾಡುವುದು. ಕಂದಾಯದ ಲೆಕ್ಕದಲ್ಲಿ ದೇವರಿಗೆ ಬಿಟ್ಟ ಭೂಮಿಯ ತೆರಿಗೆಯನ್ನು ಕಳೆದು ತೋರಿಸುತ್ತಿದ್ದರು. ಅದೇ ಮುಜರಾಯಿ. ಅಂದರೆ ಗುಡಿಗೂ ಸರ್ಕಾರಕ್ಕೂ ನಂಟು ನಿನ್ನೆ ಮೊನ್ನೆ ಶುರುವಾದದ್ದಲ್ಲ. ರಾಜರು ಭೂಮಿ ಬಿಟ್ಟರು. ಆ ಭೂಮಿಯ ಉತ್ಪನ್ನದಲ್ಲಿ ದೀಪ ಉರಿಯಿತು, ನೈವೇದ್ಯ ಆಯಿತು, ಅರ್ಚಕರ ಮನೆ ನಡೆಯಿತು.

ಆಮೇಲೆ 1955ರಲ್ಲಿ ಧಾರ್ಮಿಕ ಇನಾಮು, ಅಂದರೆ ಹೀಗೆ ಬಿಟ್ಟ ಭೂಮಿ, ರದ್ದತಿಯ ಕಾನೂನು ಬಂತು. 1974ರ ನಂತರ ಭೂ ಸುಧಾರಣೆ ಬಂತು. ಉಳುವವನಿಗೆ ಭೂಮಿ ಸಿಕ್ಕಿತು. ಅದು ನ್ಯಾಯವಾಗಿಯೇ ಇತ್ತು, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಗುಡಿಯ ಹೊಲ ಹೋಯಿತು. ಹೋದ ಹೊಲಕ್ಕೆ ಬದಲಾಗಿ ಸರ್ಕಾರ ವರ್ಷ ವರ್ಷ ಒಂದಿಷ್ಟು ಹಣ ಕೊಡುತ್ತೇನೆ ಅಂದಿತು. ಹಳ್ಳಿ ಗುಡಿಗಳಿಗೆ ಬರುವ ತಸ್ತೀಕು, ವರ್ಷಾಶನದ ಬೇರು ಇಲ್ಲಿದೆ. ಹಾಗಾಗಿ ತಸ್ತೀಕನ್ನು ಯಾರಾದರೂ ಸರ್ಕಾರದ ದಾನ ಅಂತ ಕರೆದರೆ ನನಗೆ ಸಿಟ್ಟು ಬರುತ್ತದೆ. ಅದು ತೆಗೆದುಕೊಂಡ ಭೂಮಿಗೆ ತೀರಿಸಬೇಕಾದ ಬಾಕಿ.

ಇದನ್ನು ತಿಳಿದರೆ ಇನ್ನೊಂದು ಗೊಂದಲವೂ ಬಿಡುತ್ತದೆ. ಮುಜರಾಯಿ ಇಲಾಖೆಯ ಪಟ್ಟಿಯಿಂದ ಕೆಲವು ದರ್ಗಾ, ಮಸೀದಿಗಳಿಗೂ ತಸ್ತೀಕು ಹೋಗುತ್ತಿದೆ ಅಂತ 2021ರಲ್ಲಿ ದೊಡ್ಡ ಸುದ್ದಿಯಾಯಿತು. ಆಗಿನ ಸರ್ಕಾರ ಅದನ್ನು ತಡೆಯಲು ಹೇಳಿತು. ಹಿಂದೂ ಗುಡಿಯ ಹುಂಡಿಯಿಂದ ತೆಗೆದು ಅವರಿಗೆ ಕೊಟ್ಟರು ಅಂತ ಜನ ತಿಳಿದುಕೊಂಡರು. ಆದರೆ ರಾಜರು ಇನಾಮು ಬಿಟ್ಟದ್ದು ಗುಡಿಗಳಿಗೆ ಮಾತ್ರ ಅಲ್ಲ, ಕೆಲವು ದರ್ಗಾಗಳಿಗೂ ಬಿಟ್ಟಿದ್ದರು. ಭೂಮಿ ಹೋದಾಗ ಇವರದ್ದೂ ಹೋಯಿತು, ಅವರದ್ದೂ ಹೋಯಿತು. ಬದಲಿಗೆ ಬಂದ ಹಣ ಸರ್ಕಾರದ ಬೊಕ್ಕಸದ್ದು, ಹುಂಡಿಯದ್ದಲ್ಲ. ಅದನ್ನು ಯಾವ ಇಲಾಖೆಯಿಂದ ಕೊಡಬೇಕು ಅನ್ನುವುದು ಚರ್ಚೆ ಮಾಡಬಹುದಾದ ವಿಷಯ. ಕದ್ದು ಕೊಟ್ಟರು ಅನ್ನುವುದು ಸುಳ್ಳು.

ದೇವಸ್ಥಾನಗಳ ಆಡಳಿತಕ್ಕೆ ಈಗಿರುವ ಕಾನೂನು 1997ರದ್ದು. ಜಾರಿಗೆ ಬಂದದ್ದು 2003ರಲ್ಲಿ. ಅದಕ್ಕೂ ಮೊದಲು ಕರ್ನಾಟಕದ ಒಂದೊಂದು ಭಾಗಕ್ಕೆ ಒಂದೊಂದು ಕಾನೂನಿತ್ತು. ಹಳೆ ಮೈಸೂರಿಗೆ 1927ರದ್ದು, ಮುಂಬೈ ಪ್ರಾಂತ್ಯದಿಂದ ಬಂದ ಜಿಲ್ಲೆಗಳಿಗೆ 1950ರದ್ದು, ಮದರಾಸು ಪ್ರಾಂತ್ಯದಿಂದ ಬಂದ ಕಡೆಗೆ 1951ರದ್ದು. ಹೈದರಾಬಾದ್ ಭಾಗಕ್ಕೂ ಕೊಡಗಿಗೂ ಬೇರೆ ಬೇರೆ. ಎಲ್ಲ ಸೇರಿಸಿ ಒಂದು ಮಾಡಿದರು. 2006ರಲ್ಲಿ ಹೈಕೋರ್ಟ್ ಈ ಕಾನೂನನ್ನೇ ರದ್ದು ಮಾಡಿತು. ಮಠಗಳನ್ನೂ ಮಠಕ್ಕೆ ಸೇರಿದ ಗುಡಿಗಳನ್ನೂ ಹೊರಗಿಟ್ಟು ಉಳಿದವರಿಗೆ ಮಾತ್ರ ಕಟ್ಟುಪಾಡು ಹಾಕಿದ್ದು ಸರಿಯಲ್ಲ ಅನ್ನುವುದು ಒಂದು ಕಾರಣವಾಗಿತ್ತು. ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಕಾನೂನು ತಿದ್ದುಪಡಿಗಳೊಂದಿಗೆ ಇವತ್ತಿಗೂ ನಡೆಯುತ್ತಿದೆ.

ಈ ಕಾನೂನಿನಡಿ ಸುಮಾರು 34 ಸಾವಿರಕ್ಕೂ ಹೆಚ್ಚು ದೇವಸ್ಥಾನಗಳಿವೆ. ವರ್ಷಕ್ಕೆ 25 ಲಕ್ಷ ರೂಪಾಯಿಗಿಂತ ಜಾಸ್ತಿ ಆದಾಯ ಇದ್ದರೆ ಎ ದರ್ಜೆ, 5ರಿಂದ 25 ಲಕ್ಷದವರೆಗೆ ಬಿ, ಅದಕ್ಕಿಂತ ಕಡಿಮೆ ಇದ್ದರೆ ಸಿ. ಎ ಮತ್ತು ಬಿ ಎರಡೂ ಸೇರಿದರೂ 400ರ ಆಸುಪಾಸು. ಉಳಿದವೆಲ್ಲ ಸಿ. ಟಿವಿಯಲ್ಲಿ ದೇವಸ್ಥಾನ ಅಂತ ಮಾತಾಡುವಾಗ ತೋರಿಸುವುದು ಆ 400ರಲ್ಲಿ ನಾಲ್ಕೈದನ್ನು. ನನ್ನ ಮುಂದೆ ಕೂತಿದ್ದ ಅರ್ಚಕರು ಉಳಿದ 34 ಸಾವಿರದವರು.

ಅವರಿಗೆ ಸಿಗುವ ತಸ್ತೀಕು ವರ್ಷಕ್ಕೆ 60 ಸಾವಿರ ರೂಪಾಯಿ ಇತ್ತು. 2025ರ ಬಜೆಟ್‌ನಲ್ಲಿ 72 ಸಾವಿರಕ್ಕೆ ಏರಿಸುವುದಾಗಿ ಹೇಳಿದರು. ಅಂದರೆ ತಿಂಗಳಿಗೆ ಆರು ಸಾವಿರ. ಎಣ್ಣೆ, ಬತ್ತಿ, ಕರ್ಪೂರ, ಅಕ್ಕಿ, ಹೂವು ಎಲ್ಲ ಅದರಲ್ಲೇ. ಉಳಿದದ್ದು ಅವರ ಹೊಟ್ಟೆಗೆ. ಅದೂ ತಿಂಗಳು ತಿಂಗಳು ಕೈಗೆ ಬರುತ್ತದೆ ಅಂದುಕೊಳ್ಳಬೇಡಿ. ಇವರ ನೋಟುಬುಕ್ಕಿನಲ್ಲಿ ಒಂದು ಕಡೆ ಹತ್ತು ತಿಂಗಳ ಬಾಕಿ ಅಂತ ಬರೆದಿತ್ತು. ಆ ಹತ್ತು ತಿಂಗಳೂ ದೀಪ ಆರಿಲ್ಲ. ಅಂಗಡಿಯವರು ಸಾಲ ಕೊಟ್ಟಿದ್ದಾರೆ. ಅಂಗಡಿಯವರ ಹೆಸರು, ಮೊತ್ತ, ತೀರಿಸಿದ ದಿನ ಎಲ್ಲ ಅದರಲ್ಲಿದೆ. ಅಷ್ಟು ಅಚ್ಚುಕಟ್ಟಾದ ಲೆಕ್ಕವನ್ನು ನಾನು ದೊಡ್ಡ ದೇವಸ್ಥಾನಗಳಲ್ಲೂ ಕಂಡದ್ದು ಕಡಿಮೆ.

ಇನ್ನು 2024ರ ಗಲಾಟೆಗೆ ಬರುತ್ತೇನೆ. ಈ ವಿಷಯದಲ್ಲಿ ನನಗೆ ಹೇಳಲು ಜಾಸ್ತಿ ಇದೆ.

ದೊಡ್ಡ ದೇವಸ್ಥಾನಗಳ ಆದಾಯದಿಂದ ಒಂದು ಪಾಲು ತೆಗೆದು ಸಾಮಾನ್ಯ ಸಂಗ್ರಹಣಾ ನಿಧಿಗೆ ಹಾಕಬೇಕು. ಅದರಿಂದ ಸಣ್ಣ ಗುಡಿಗಳಿಗೆ ನೆರವು. ಇದು ಮೊದಲಿಂದ ಇದ್ದದ್ದು. ಹಳೆಯ ನಿಯಮದಲ್ಲಿ 5ರಿಂದ 10 ಲಕ್ಷ ಆದಾಯದ ಗುಡಿಗಳು ನಿವ್ವಳ ಆದಾಯದ ಶೇಕಡಾ 5, ಅದಕ್ಕಿಂತ ಮೇಲಿನವು ನಿವ್ವಳದ ಶೇಕಡಾ 10 ಕೊಡಬೇಕಿತ್ತು. 2024ರ ಫೆಬ್ರವರಿಯಲ್ಲಿ ಬಂದ ತಿದ್ದುಪಡಿ ಮಸೂದೆ 10 ಲಕ್ಷದವರೆಗೆ ಪೂರ್ತಿ ವಿನಾಯಿತಿ ಕೊಟ್ಟಿತು. 10 ಲಕ್ಷದಿಂದ 1 ಕೋಟಿವರೆಗೆ ಶೇಕಡಾ 5, ಕೋಟಿ ದಾಟಿದರೆ ಶೇಕಡಾ 10 ಅಂದಿತು. ವಿಧಾನಸಭೆಯಲ್ಲಿ ಪಾಸಾಯಿತು, ಪರಿಷತ್ತಿನಲ್ಲಿ ಬಿದ್ದುಹೋಯಿತು, ತಿಂಗಳ ಕೊನೆಗೆ ವಿಧಾನಸಭೆಯಲ್ಲಿ ಮತ್ತೆ ಪಾಸಾಯಿತು. ಒಂದು ಕಡೆಯವರು ಹಿಂದೂಗಳ ಮೇಲೆ ತೆರಿಗೆ ಅಂದರು. ಇನ್ನೊಂದು ಕಡೆಯವರು, ನೀವೂ ಅಧಿಕಾರದಲ್ಲಿದ್ದಾಗ ವಸೂಲಿ ಮಾಡಿಲ್ಲವೇ, ಹಣ ಹಿಂದೂ ಗುಡಿಗಳಿಗೇ ಹೋಗುತ್ತದೆ ಅಂದರು.

ಎರಡನೆಯ ಮಾತು ನಿಜ. ನಿಧಿಯ ಹಣ ಬೇರೆ ಧರ್ಮಕ್ಕೆ ಹೋಗುವುದಿಲ್ಲ. ಆದರೆ ಮಸೂದೆಯಲ್ಲಿ ಒಂದು ಪದ ಬದಲಾಗಿತ್ತು. ನಿವ್ವಳ ಅನ್ನುವ ಕಡೆ ಒಟ್ಟು ಅಂತ ಬಂದಿತ್ತು. ಈ ಒಂದು ಪದ ಏನು ಮಾಡುತ್ತದೆ ನೋಡಿ. ಒಂದು ದೇವಸ್ಥಾನಕ್ಕೆ ವರ್ಷಕ್ಕೆ 1 ಕೋಟಿ 20 ಲಕ್ಷ ಬರುತ್ತದೆ ಅಂದುಕೊಳ್ಳಿ. ದಾಸೋಹ, ಸಂಬಳ, ಕರೆಂಟು, ರಿಪೇರಿ ಎಲ್ಲ ಸೇರಿ 1 ಕೋಟಿ 10 ಲಕ್ಷ ಖರ್ಚು. ಉಳಿದದ್ದು 10 ಲಕ್ಷ. ಹಳೆಯ ಲೆಕ್ಕದಲ್ಲಿ ಕೊಡಬೇಕಾದದ್ದು 1 ಲಕ್ಷ. ಮಸೂದೆಯ ಲೆಕ್ಕದಲ್ಲಿ 12 ಲಕ್ಷ. ಕೈಯಲ್ಲಿ ಉಳಿದದ್ದಕ್ಕಿಂತ ಎರಡು ಲಕ್ಷ ಜಾಸ್ತಿ! ಅನ್ನ ಹಾಕುವುದನ್ನು ಕಡಿಮೆ ಮಾಡಿಯೇ ಕಟ್ಟಬೇಕು.

ಕೇಳಬೇಕಾದ ಪ್ರಶ್ನೆ ಇದಾಗಿತ್ತು. ಗುಡಿಗಳ ಪರ ನಿಂತವರೇ ಇದನ್ನು ಬೀದಿಯಲ್ಲಿ, ಟಿವಿಯಲ್ಲಿ ಗಟ್ಟಿಯಾಗಿ ಕೇಳಬೇಕಿತ್ತು. ಆದರೆ ಅಲ್ಲಿ ಜೋರಾಗಿ ಕೇಳಿಸಿದ್ದು "ನಮ್ಮ ದುಡ್ಡು ಅವರಿಗೆ" ಅನ್ನುವ ಮಾತು. ಸುಳ್ಳು ದೂರು ಜೋರಾದಾಗ ನಿಜವಾದ ದೂರು ಸಾಯುತ್ತದೆ. ಸರ್ಕಾರಕ್ಕೂ ಅದೇ ಅನುಕೂಲ, ಸುಳ್ಳಿಗೆ ಉತ್ತರ ಕೊಟ್ಟು ಎದ್ದು ಹೋಗಬಹುದು. ಈ ನಷ್ಟ ನನ್ನನ್ನು ತುಂಬ ಕಾಡುತ್ತದೆ.

ಕೋರ್ಟಿನಲ್ಲಿ ಇಂಥ ಪ್ರಶ್ನೆ ಗೆದ್ದ ಉದಾಹರಣೆ ಇದೆ, ಅದೂ ನಮ್ಮ ಉಡುಪಿಯಿಂದಲೇ. ಅಷ್ಟ ಮಠಗಳಲ್ಲಿ ಒಂದಾದ ಶಿರೂರು ಮಠದ ಸ್ವಾಮೀಜಿ ಮದರಾಸಿನ 1951ರ ಕಾನೂನನ್ನು ಪ್ರಶ್ನೆ ಮಾಡಿದ್ದರು. ಸುಪ್ರೀಂ ಕೋರ್ಟ್ 1954ರಲ್ಲಿ ತೀರ್ಪು ಕೊಟ್ಟಿತು. ಧರ್ಮದ ಆಚರಣೆ ಒಂದು, ಆಸ್ತಿಯ ಆಡಳಿತ ಇನ್ನೊಂದು. ಆಡಳಿತವನ್ನು ಕಾನೂನಿನ ಮೂಲಕ ಸರ್ಕಾರ ನಿಯಂತ್ರಿಸಬಹುದು. ಆಚರಣೆಯಲ್ಲಿ ಕೈ ಹಾಕುವಂತಿಲ್ಲ. ಆ ಕಾನೂನಿನಲ್ಲಿ ಆದಾಯದ ಶೇಕಡಾ 5ರವರೆಗೆ ವಂತಿಗೆ ವಸೂಲಿ ಮಾಡುವ ಕಲಂ ಇತ್ತು. ಕೋರ್ಟ್ ಅದನ್ನು ಹೊಡೆದುಹಾಕಿತು. ಹಣ ಸರ್ಕಾರದ ಬೊಕ್ಕಸಕ್ಕೆ ಸೇರುತ್ತದೆ, ಅದಕ್ಕೆ ಪ್ರತಿಯಾಗಿ ಕೊಡುವ ಸೇವೆಗೂ ಅದಕ್ಕೂ ತಾಳೆಯಿಲ್ಲ, ಹಾಗಾಗಿ ಇದು ಶುಲ್ಕ ಅಲ್ಲ, ತೆರಿಗೆ ಅಂದಿತು. ನೋಡಿ, ಮಠದ ಪರ ವಾದ ಗೆದ್ದದ್ದು ಲೆಕ್ಕದ ಬಲದಿಂದ. ಯಾರನ್ನೋ ದ್ವೇಷಿಸಿ ಅಲ್ಲ.

ಸರಿ, ಸರ್ಕಾರದ ಕೈಯೇ ಬೇಡ, ಗುಡಿಗಳನ್ನು ಬಿಟ್ಟುಬಿಡಿ ಅನ್ನುವ ಕೂಗೂ ಇದೆ. ನನ್ನ ಬಳಿ ಬರುವ ಯುವಕರಲ್ಲಿ ಅನೇಕರು ಇದನ್ನು ಮನಸ್ಸಿನಿಂದ ನಂಬುತ್ತಾರೆ. ಅವರ ಭಕ್ತಿಯ ಬಗ್ಗೆ ನನಗೆ ಅನುಮಾನವಿಲ್ಲ. ನಾನು ಅವರಿಗೆ ಕೇಳುವುದು ಒಂದೇ. ಬಿಟ್ಟು ಯಾರಿಗೆ ಕೊಡಬೇಕು?

ಗೋಕರ್ಣದ ಮಹಾಬಲೇಶ್ವರ ದೇವಸ್ಥಾನವನ್ನು 2008ರಲ್ಲಿ ಸರ್ಕಾರ ಮುಜರಾಯಿ ಪಟ್ಟಿಯಿಂದ ತೆಗೆದು ರಾಮಚಂದ್ರಾಪುರ ಮಠಕ್ಕೆ ಕೊಟ್ಟಿತು. ಅಲ್ಲಿನ ಅರ್ಚಕ ಮನೆತನದವರು, ಊರಿನವರು ಒಪ್ಪಲಿಲ್ಲ. 2018ರಲ್ಲಿ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. 2021ರಲ್ಲಿ ಸುಪ್ರೀಂ ಕೋರ್ಟ್ ನಿವೃತ್ತ ನ್ಯಾಯಮೂರ್ತಿ ಬಿ. ಎನ್. ಶ್ರೀಕೃಷ್ಣ ಅವರ ನೇತೃತ್ವದ ಸಮಿತಿಗೆ ಉಸ್ತುವಾರಿ ಒಪ್ಪಿಸಿತು. ಹದಿಮೂರು ವರ್ಷದ ಜಗಳ. ಎರಡೂ ಕಡೆ ಹಿಂದೂಗಳೇ, ಎರಡೂ ಕಡೆ ಶಿವಭಕ್ತರೇ. ಹಿಂದೂಗಳಿಗೆ ಕೊಡಿ ಅಂದ ಕೂಡಲೇ ಯಾವ ಹಿಂದೂ ಅನ್ನುವ ಪ್ರಶ್ನೆ ಎದ್ದು ನಿಲ್ಲುತ್ತದೆ.

ನಾನು ಕಾನೂನು ಓದಿದ್ದು ಉಡುಪಿಯಲ್ಲಿ. ಆಗ ಒಂದು ಭಾನುವಾರ ಮೂಲ್ಕಿಗೆ ಹೋಗಿದ್ದೆ. ಪಾಠದಲ್ಲಿ ಓದಿದ ಒಂದು ಮೊಕದ್ದಮೆಯ ದೇವಸ್ಥಾನ ನೋಡಬೇಕಿತ್ತು. ಮೂಲ್ಕಿಯ ವೆಂಕಟರಮಣ ದೇವಸ್ಥಾನ. ಎಲ್ಲ ಜಾತಿಯವರಿಗೂ ಗುಡಿಯ ಬಾಗಿಲು ತೆರೆಯಬೇಕು ಅಂತ ಮದರಾಸಿನಲ್ಲಿ 1947ರಲ್ಲಿ ಕಾನೂನಾದಾಗ, ಇದು ನಮ್ಮ ಗೌಡ ಸಾರಸ್ವತ ಸಮುದಾಯದ ಗುಡಿ, ನಮಗೆ ಅನ್ವಯಿಸುವುದಿಲ್ಲ ಅಂತ ಆಡಳಿತದವರು ಕೋರ್ಟಿಗೆ ಹೋಗಿದ್ದರು. ಸುಪ್ರೀಂ ಕೋರ್ಟ್ 1957ರ ನವೆಂಬರಿನಲ್ಲಿ ತೀರ್ಪು ಕೊಟ್ಟಿತು. ಹೌದು, ಇದು ನಿಮ್ಮ ಪಂಗಡದ ಗುಡಿಯೇ. ಕೆಲವು ವಿಶೇಷ ಸೇವೆಗಳನ್ನು ನಿಮ್ಮವರಿಗೇ ಇಟ್ಟುಕೊಳ್ಳಿ. ಆದರೆ ಉಳಿದ ಹೊತ್ತಿನಲ್ಲಿ ದರ್ಶನಕ್ಕೆ ಬರುವ ಯಾವ ಹಿಂದೂವನ್ನೂ ತಡೆಯುವಂತಿಲ್ಲ ಅಂದಿತು. ಸಂವಿಧಾನದ 25ನೇ ವಿಧಿಯ ಎರಡನೇ ಭಾಗ ಆ ಬಾಗಿಲನ್ನು ತೆರೆಸಿತು.

ಆ ಬಾಗಿಲು ತಾನಾಗಿ ತೆರೆಯಲಿಲ್ಲ. ಸರ್ಕಾರದ ಕಾನೂನು ಬೇಕಾಯಿತು, ಕೋರ್ಟ್ ಬೇಕಾಯಿತು. ನಾವೆಲ್ಲ ಹಿಂದೂಗಳು, ನಾವೆಲ್ಲ ಒಂದು ಅನ್ನುವ ಮಾತು ಇವತ್ತು ಇಷ್ಟು ಸಲೀಸಾಗಿ ಬಾಯಿಗೆ ಬರುತ್ತದಲ್ವಾ? ಅದರ ಹಿಂದೆ ಹೊಸ್ತಿಲ ಹೊರಗೆ ನಿಂತವರು ಒಳಗೆ ಬಂದ ಕಥೆ ಇದೆ. ಗುಡಿಗಳನ್ನು ಪೂರ್ತಿ ಬಿಟ್ಟುಬಿಡಿ ಅನ್ನುವುದನ್ನು ನಾನು ಒಪ್ಪದಿರುವುದು ಇದೇ ಕಾರಣಕ್ಕೆ.

ಅದೇ ಮೂಲ್ಕಿಯಲ್ಲಿ ಬಪ್ಪನಾಡು ದುರ್ಗಾಪರಮೇಶ್ವರಿಯೂ ಇದ್ದಾಳೆ. ಆ ಊರಿಗೆ ಹೆಸರು ಬಂದದ್ದು ಬಪ್ಪ ಬ್ಯಾರಿ ಅನ್ನುವ ಮುಸ್ಲಿಂ ವ್ಯಾಪಾರಿಯಿಂದ ಅಂತ ಐತಿಹ್ಯ. ಆತನ ಮನೆತನದವರಿಗೆ ಜಾತ್ರೆಯಲ್ಲಿ ಪ್ರಸಾದದ ಮರ್ಯಾದೆ ಇದೆ. 2022ರ ಮಾರ್ಚಿನಲ್ಲಿ ಕರಾವಳಿಯ ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳು ಅಂಗಡಿ ಹಾಕಬಾರದು ಅನ್ನುವ ಬ್ಯಾನರುಗಳು ಎದ್ದವು. ಕಾಪುವಿನ ಮಾರಿಗುಡಿಯಲ್ಲಿ ಶುರುವಾಗಿ ಬಪ್ಪನಾಡಿಗೂ ಬಂತು. ವಿಧಾನಸಭೆಯಲ್ಲಿ ಆಗಿನ ಸರ್ಕಾರ ಈ ಮುಜರಾಯಿ ಕಾನೂನಿನಡಿ ಮಾಡಿದ 2002ರ ನಿಯಮಗಳನ್ನು ಮುಂದಿಟ್ಟಿತು.

ಆ ನಿಯಮ ಇರುವುದು ನಿಜ. 31ನೇ ನಿಯಮದ 12ನೇ ಉಪನಿಯಮ. ದೇವಸ್ಥಾನದ ಹತ್ತಿರದ ಜಮೀನು, ಕಟ್ಟಡ, ನಿವೇಶನವನ್ನು ಹಿಂದೂಗಳಲ್ಲದವರಿಗೆ ಗುತ್ತಿಗೆ ಕೊಡಬಾರದು ಅನ್ನುತ್ತದೆ. ಅದರಲ್ಲಿ ಹೇಳಿರುವುದು ಸ್ಥಿರ ಆಸ್ತಿಯ ಗುತ್ತಿಗೆ. ಜಾತ್ರೆಯ ದಿನ ರಸ್ತೆ ಬದಿ ಚಾಪೆ ಹಾಸಿ ಬಳೆ ಮಾರುವವರನ್ನು ಅದಕ್ಕೆ ಎಳೆದು ತರುವುದು ನನ್ನ ಓದಿನಲ್ಲಿ ಸರಿಯಲ್ಲ. ರಸ್ತೆ ದೇವಸ್ಥಾನದ್ದಲ್ಲ, ಪಂಚಾಯಿತಿಯದ್ದೋ ಪಟ್ಟಣದ ಆಡಳಿತದ್ದೋ ಆಗಿರುತ್ತದೆ. ಅಲ್ಲಿ ವ್ಯಾಪಾರ ಮಾಡುವವರಿಗೆ 2014ರ ಬೀದಿ ವ್ಯಾಪಾರಿಗಳ ಕಾನೂನು ಬೇರೆಯೇ ಇದೆ. ಯಾರೋ ಬ್ಯಾನರ್ ಕಟ್ಟಿದ ಮಾತ್ರಕ್ಕೆ ಅದು ಆದೇಶ ಆಗುವುದಿಲ್ಲ. ಇದು ವಕೀಲನ ಮಾತು. ಭಕ್ತನಾಗಿ ಹೇಳುವುದಾದರೆ, ನಮ್ಮ ಊರಿನ ತೇರಿಗೆ ನನ್ನ ಅಮ್ಮ ಬಳೆ ತೊಡಿಸಿಕೊಳ್ಳುತ್ತಿದ್ದದ್ದು ಒಬ್ಬ ಸಾಬರ ಕೈಯಿಂದ. ಅವರು ಬಂದ ಮೇಲೆಯೇ ಜಾತ್ರೆ ಬಂತು ಅಂತ ನಮಗೆ ಅನ್ನಿಸುತ್ತಿತ್ತು. ಆ ನೆನಪನ್ನು ಯಾವ ಬ್ಯಾನರೂ ನನ್ನಿಂದ ಕಿತ್ತುಕೊಳ್ಳಲಾರದು.

ಹಾಗಾದರೆ ಗುಡಿಗೆ ನಿಜವಾದ ಅಪಾಯ ಎಲ್ಲಿಂದ? ನನ್ನ ಅನುಭವದಲ್ಲಿ ಗುಡಿಯ ಆಡಳಿತ ನೋಡುವ ವ್ಯವಸ್ಥಾಪನಾ ಸಮಿತಿಯಿಂದ. 1997ರ ಕಾನೂನಿನ 25ನೇ ಕಲಂ ಒಂಬತ್ತು ಜನರ ಸಮಿತಿ ಹೇಳುತ್ತದೆ. ಒಬ್ಬರು ಅರ್ಚಕರು. ಪರಿಶಿಷ್ಟ ಜಾತಿ ಅಥವಾ ಪಂಗಡದ ಒಬ್ಬರಾದರೂ ಇರಬೇಕು. ಇಬ್ಬರು ಹೆಂಗಸರು. ಗುಡಿಯ ಅಕ್ಕಪಕ್ಕದಲ್ಲಿ ವಾಸ ಇರುವವರೊಬ್ಬರು. ಅವಧಿ ಮೂರು ವರ್ಷ. ಓದುವಾಗ ನನಗೆ ಈ ಕಲಂ ಬಹಳ ಚೆನ್ನಾಗಿ ಕಾಣುತ್ತದೆ. ಒಂದು ಊರಿನ ಹಿಂದೂಗಳು ಅಂದರೆ ಯಾರು ಅನ್ನುವುದಕ್ಕೆ ಇಷ್ಟು ಸರಳವಾದ ಉತ್ತರವನ್ನು ನಾನು ಬೇರೆ ಎಲ್ಲೂ ಓದಿಲ್ಲ.

ನಡೆಯುವುದು ಬೇರೆ. ಸರ್ಕಾರ ಬದಲಾದ ಕೂಡಲೇ ಸಮಿತಿಗೆ ಹೆಸರು ಕೊಡುವ ಓಡಾಟ ಶುರು. ಶಿಫಾರಸು ಪತ್ರ ಇದ್ದವರ ಹೆಸರು ಮೇಲೆ ಬರುತ್ತದೆ. ಚುನಾವಣೆಯಲ್ಲಿ ದುಡಿದವರಿಗೆ ಕೊಡಲು ಬೇರೇನೂ ಇಲ್ಲದಿದ್ದರೆ ಗುಡಿಯ ಸದಸ್ಯತ್ವ ಕೊಡುತ್ತಾರೆ. ಯಾವ ಪಕ್ಷವನ್ನೂ ನಾನು ಇದರಿಂದ ಹೊರಗಿಡುವುದಿಲ್ಲ, ಎಲ್ಲರ ಕಾಲದಲ್ಲೂ ಇದೇ ತಕರಾರಿನ ಕಡತಗಳು ನನ್ನ ಮೇಜಿಗೆ ಬಂದಿವೆ. ದಲಿತ ಸದಸ್ಯರ ಸಹಿಯನ್ನು ಮನೆಗೆ ಹೋಗಿ ಹಾಕಿಸಿಕೊಂಡು ಬರುವುದು, ಮಹಿಳಾ ಸದಸ್ಯೆಯ ಬದಲು ಗಂಡ ಸಭೆಗೆ ಕೂರುವುದು, ಇದೆಲ್ಲ ನಾನು ಕಣ್ಣಾರೆ ಕಂಡದ್ದು. ನಮ್ಮ ಕಡೆಯ ಒಂದು ಗುಡಿಯಲ್ಲಿ ಮಾತ್ರ ಒಬ್ಬ ಸದಸ್ಯೆ ಎದ್ದು ನಿಂತು, ಹೋದ ಜಾತ್ರೆಯ ಶಾಮಿಯಾನದ ಬಿಲ್ಲು ಓದಿ ಹೇಳಿ ಅಂದರಂತೆ. ಬಿಲ್ಲು ಇರಲಿಲ್ಲ. ಮುಂದಿನ ವರ್ಷದಿಂದ ಜಮಾ ಖರ್ಚನ್ನು ಗುಡಿಯ ಗೋಡೆಗೆ ಅಂಟಿಸಲು ಶುರು ಮಾಡಿದರು.

ನನ್ನ ಮುಂದೆ ಕೂತಿದ್ದ ಅರ್ಚಕರ ಸಮಸ್ಯೆಯೂ ಇಂಥದ್ದೇ. ಪಹಣಿಯಲ್ಲಿ ದೇವರ ಹೆಸರಲ್ಲಿ 2 ಎಕರೆ 14 ಗುಂಟೆ ಉಳಿದಿದೆ. ದೇವರು ಕಾನೂನಿನ ಕಣ್ಣಿನಲ್ಲಿ ಒಬ್ಬ ವ್ಯಕ್ತಿ, ಆಸ್ತಿಗೆ ಒಡೆಯ. ಅರ್ಚಕರು ಒಡೆಯರಲ್ಲ, ನೋಡಿಕೊಳ್ಳುವವರು ಅಷ್ಟೇ. ಸುಪ್ರೀಂ ಕೋರ್ಟ್ 2021ರಲ್ಲಿ ಮಧ್ಯಪ್ರದೇಶದ ಪ್ರಕರಣದಲ್ಲಿ ಅದನ್ನೇ ಮತ್ತೆ ಹೇಳಿತು, ಒಡೆತನದ ಕಾಲಂನಲ್ಲಿ ದೇವರ ಹೆಸರು ಮಾತ್ರ ಇರಬೇಕು ಅಂತ. ಇವರಿಗೆ ಇದು ಮೊದಲೇ ಗೊತ್ತಿತ್ತು. "ಅದು ನಂದಲ್ಲ ಸಾರ್, ಸ್ವಾಮೀದು. ಅದಕ್ಕೇ ಬಂದಿರೋದು" ಅಂದರು. ಆ ಹೊಲದ ಒಂದು ಅಂಚನ್ನು ಪಕ್ಕದವರು ವರ್ಷ ವರ್ಷ ಸ್ವಲ್ಪ ಸ್ವಲ್ಪ ಒಳಗೆ ಸರಿಸಿಕೊಂಡು ಬಂದಿದ್ದಾರೆ. ಅವರೂ ಹಿಂದೂಗಳೇ. ಗುಡಿ ಉಳಿಸಿ ಅನ್ನುವ ಮೆರವಣಿಗೆಗೆ ಟ್ರಾಕ್ಟರ್ ಕೊಟ್ಟವರು. ಅರ್ಜಿ ಕೊಟ್ಟರೆ ಕಚೇರಿಯಲ್ಲಿ ಮುಂದಿನ ವಾರ ಬನ್ನಿ ಅಂದಿದ್ದಾರೆ. ಎರಡು ವರ್ಷ ಆ ಮುಂದಿನ ವಾರ ಬರಲಿಲ್ಲ.

ಹೊಲದ ಗಡಿ ಅಳೆದು ಗುರುತಿಸುವ ಹದ್ದುಬಸ್ತಿಗೆ ಅರ್ಜಿ ಹಾಕಿಸಿದೆ. ಸಮಿತಿಗೂ ತಹಸೀಲ್ದಾರರಿಗೂ ನೋಟಿಸು ಕೊಟ್ಟೆ. ಅಳತೆಯ ದಿನ ನಾನೂ ಹೋಗಿದ್ದೆ. ಸರ್ವೆಯರ್ ಸರಪಳಿ ಬಿಚ್ಚುವ ಹೊತ್ತಿಗೆ ಊರಿನ ಇಪ್ಪತ್ತು ಮೂವತ್ತು ಜನ ಬದುವಿನ ಮೇಲೆ ಸೇರಿದ್ದರು. ಹಳೆಯ ಗಡಿಕಲ್ಲು ಎಲ್ಲಿತ್ತು ಅಂತ ತೋರಿಸಿದ್ದು ಆ ಹೊಲದಲ್ಲಿ ಚಿಕ್ಕಂದಿನಲ್ಲಿ ಕೂಲಿ ಮಾಡಿದ್ದ ಕಾಲೋನಿಯ ಒಬ್ಬ ಅಜ್ಜ. ಲಂಟಾನ ಪೊದೆ ಕಡಿದರೆ ಕಲ್ಲು ಅಲ್ಲೇ ಇತ್ತು. ಒತ್ತುವರಿ 17 ಗುಂಟೆ ಅಂತ ಬಂತು. ಪಂಚನಾಮೆಗೆ ಸಾಕ್ಷಿ ಸಹಿ ಯಾರು ಹಾಕುತ್ತೀರಿ ಅಂತ ಕೇಳಿದಾಗ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಕ್ಕದ ಹೊಲದವರು ಅಲ್ಲೇ ನಿಂತಿದ್ದರು. ಆ ಅಜ್ಜ ಮುಂದೆ ಬಂದು ಹೆಬ್ಬೆಟ್ಟು ಒತ್ತಿದರು. ಆಮೇಲೆ ಇನ್ನೂ ನಾಲ್ವರು ಬಂದರು.

ವಿಚಾರಣೆ ನಡೆಯುತ್ತಿದೆ. ಅರ್ಚಕರು ಪ್ರತಿ ದಿನಾಂಕಕ್ಕೂ ಮೊದಲ ಬಸ್ಸು ಹಿಡಿದು ಬರುತ್ತಾರೆ. ನೋಟುಬುಕ್ಕಿನಲ್ಲಿ ಈಗ ಬಸ್ ಚಾರ್ಜನ್ನೂ ಬರೆಯುತ್ತಿದ್ದಾರೆ, ಅದನ್ನು ಗುಡಿಯ ಖರ್ಚಿಗೆ ಸೇರಿಸದೆ ಬೇರೆ ಪುಟದಲ್ಲಿ.